ಅಬ್ಬಾರ ಕಂಪ್ಯೂಟರಿನಲ್ಲಿದ್ದ ಅಮಾನತ್ತು

ಮಕ್ಕಾದ ಜನರು ಪ್ರವಾದಿ ಮುಹಮ್ಮದ್(ಸ)ರ ಸಂದೇಶವನ್ನು ವಿರೋಧಿಸಿದರು, ಅವರನ್ನು ಪೀಡಿಸಿದರು. ಆದರೂ ತಮ್ಮ ಬೆಲೆಬಾಳುವ ವಸ್ತುಗಳನ್ನು ಕಾಪಾಡಲು ಅವರ ಕೈಗೇ ಕೊಡುತ್ತಿದ್ದರು. ಕ್ರಿ.ಶ. 622ರಲ್ಲಿ ಹಿಜ್ರತ್ ಹೊರಡುವಾಗ ಪ್ರವಾದಿವರ್ಯರು(ಸ) ಆ ವಸ್ತುಗಳನ್ನು ಒಡೆಯರಿಗೆ ಮರಳಿಸುವ ಸಲುವಾಗಿ ಹ. ಅಲೀ(ರ)ರನ್ನು ಮಕ್ಕಾದಲ್ಲಿಯೇ ಉಳಿಸಿ ಹೋದರು. ಪ್ರಾಣ ತೆಗೆಯಲು ಬಂದವರ ಸೊತ್ತು ಕೂಡ ಅಮಾನತ್ತೇ. ಮಳವಳ್ಳಿಯ ಹೆಣ್ಣುಮಕ್ಕಳಿಗೆ ಈ ಪಾಠವನ್ನು ನಾನು ಎಷ್ಟೋ ಸಲ ಹೇಳಿದ್ದೇನೆ. ಆದರೆ ಅಮಾನತ್ತಿನ ಲೆಕ್ಕವು ಕೆಟ್ಟು ಕೂತ ಒಂದು ಹಳೆಯ ಕಂಪ್ಯೂಟರಿನೊಳಗೆ ಸಿಕ್ಕಿಕೊಂಡರೆ ಏನು ಮಾಡಬೇಕು ಎಂಬ ಪ್ರಶ್ನೆ ನಮ್ಮ ಮನೆಗೆ ಬಂದಾಗ ಅದರ ಉತ್ತರ ಯಾವ ಕಿತಾಬಿನಲ್ಲೂ ನೇರವಾಗಿ ಇರಲಿಲ್ಲ.

ನಮ್ಮ ಅಬ್ಬಾ ಮದ್ದೂರಿನವರು, ಪ್ರಾಥಮಿಕ ಶಾಲೆಯ ಮೇಷ್ಟರಾಗಿ ನಿವೃತ್ತರಾದವರು. ಮೊಹಲ್ಲಾದ ಬಡ ಹೆಂಗಸರು ತಮ್ಮ ಸಣ್ಣ ಉಳಿತಾಯವನ್ನು ಅವರ ಬಳಿ ಇಡುತ್ತಿದ್ದರು. ಅಗರಬತ್ತಿ ಹೊಸೆಯುವವರು, ಬಟ್ಟೆ ಹೊಲಿಯುವವರು, ರೇಷ್ಮೆ ಬಿಚ್ಚುವ ಘಟಕಕ್ಕೆ ಹೋಗುವವರು, ಮನೆಗೆಲಸದವರು ಹೀಗೆ ಅನೇಕರು. ಮನೆಯಲ್ಲಿ ಇಟ್ಟರೆ ಉಳಿಯುವುದಿಲ್ಲ, ಬ್ಯಾಂಕಿಗೆ ಹೋಗಲು ಸಂಕೋಚ. ಹಾಗಾಗಿ ತಿಂಗಳಿಗೆ ನೂರೋ ಇನ್ನೂರೋ ತಂದು, "ಮಾಸ್ಟರ್ ಸಾಬ್, ಇದು ನಿಮ್ಮ ಹತ್ತಿರ ಇರಲಿ" ಎಂದು ಕೊಟ್ಟು ಹೋಗುತ್ತಿದ್ದರು. ಅಬ್ಬಾ ಆ ಹಣವನ್ನು ತಮ್ಮ ಹೆಸರಿನ ಚಾಲ್ತಿ ಖಾತೆಗೆ ಹಾಕುತ್ತಿದ್ದರು. ಚಾಲ್ತಿ ಖಾತೆಗೆ ಬಡ್ಡಿ ಬರುವುದಿಲ್ಲ ಎಂಬುದೇ ಅದಕ್ಕೆ ಕಾರಣ. ಕೊಟ್ಟವರಿಗೆ ಒಂದು ಚೀಟಿ ಬರೆದು ಕೊಡುತ್ತಿದ್ದರು. ಆದರೆ ಗಂಡನ ಕಣ್ಣಿಗೆ ಬೀಳಬಾರದೆಂದು ಹೆಚ್ಚಿನವರು ಆ ಚೀಟಿಯನ್ನು ಹರಿದು ಹಾಕುತ್ತಿದ್ದರು. ಪೂರ್ಣ ಲೆಕ್ಕ ಇದ್ದುದು ಅಬ್ಬಾರ ಕಂಪ್ಯೂಟರಿನಲ್ಲಿ ಮಾತ್ರ. 2004ರಲ್ಲಿ ಕೊಂಡ ಸಣ್ಣ ಪೆಟ್ಟಿಗೆಯ ಯಂತ್ರ ಅದು. ನುಡಿ ತಂತ್ರಾಂಶದಲ್ಲಿ ಕನ್ನಡ ಬೆರಳಚ್ಚು ಕಲಿತ ಮೇಲೆ ಅವರು ನೋಟ್ ಪುಸ್ತಕವನ್ನು ಬಿಟ್ಟಿದ್ದರು. ಹೊಸದು ಕೊಡಿಸುತ್ತೇವೆಂದರೆ, "ಇದಕ್ಕೇನಾಗಿದೆ?" ಎನ್ನುತ್ತಿದ್ದರು.

2022ರ ಜೂನ್‌ನಲ್ಲಿ ಅಬ್ಬಾ ಇಹಲೋಕ ತ್ಯಜಿಸಿದರು. ಅಮ್ಮಿ ನಾಲ್ಕು ತಿಂಗಳು ಹತ್ತು ದಿನಗಳ ಇದ್ದತ್‌ಗೆ ಕೂತರು. ಮಳೆಗಾಲ, ಸಿಡಿಲಿನ ಭಯ. ಯಾರೋ ಕಂಪ್ಯೂಟರಿನ ಪ್ಲಗ್ ಕಿತ್ತಿಟ್ಟರು. ಇದ್ದತ್ ಮುಗಿದ ಮೇಲೆ ಅಣ್ಣಂದಿರಿಬ್ಬರೂ ನಾನೂ ಆಸ್ತಿ ಹಂಚಿಕೆಗೆಂದು ಕೂತೆವು. ಖಾತೆಯಲ್ಲಿ 3,20,000 ರೂಪಾಯಿ ಇತ್ತು. ಅದೇ ವಾರ ಮೂವರು ಹೆಂಗಸರು ಬಂದು ಬಾಗಿಲ ಬಳಿ ನಿಂತರು. ಒಬ್ಬರು 15,000, ಇನ್ನೊಬ್ಬರು 12,000, ಮತ್ತೊಬ್ಬರು 6,000 ರೂಪಾಯಿ ತಮ್ಮದಿದೆ ಎಂದರು. ಮೂವರ ಕೈಯಲ್ಲೂ ಚೀಟಿ ಇರಲಿಲ್ಲ.

ನನ್ನ ದೊಡ್ಡಣ್ಣ ಕೆಟ್ಟ ಮನುಷ್ಯರಲ್ಲ. ಅವರು ಹೇಳಿದ್ದರಲ್ಲಿಯೂ ನ್ಯಾಯವಿತ್ತು. "ಬಾಯಿಮಾತಿಗೆ ಕೊಟ್ಟರೆ ನಾಳೆ ಇನ್ನೂ ಹತ್ತು ಮಂದಿ ಬರುತ್ತಾರೆ. ನಿಜವಾಗಿ ಇಟ್ಟವರ ಹಣವನ್ನು ಇಡದವರಿಗೆ ಕೊಟ್ಟ ಹಾಗಾಗುವುದಿಲ್ಲವೇ?" ಎಂದರು. ಪವಿತ್ರ ಕುರ್‌ಆನಿನ ಅತಿ ದೀರ್ಘವಾದ ಸೂಕ್ತವೇ ಸಾಲದ ವ್ಯವಹಾರವನ್ನು ಬರೆದಿಡುವ ಬಗ್ಗೆ, ಸಾಕ್ಷಿ ಇಡುವ ಬಗ್ಗೆ ಇದೆ (ಅಲ್‌ಬಕರ: 282). ಅಬ್ಬಾ ಬರೆದಿಟ್ಟಿದ್ದರು. ಆದರೆ ಬರೆದದ್ದನ್ನು ಓದಲು ಕಂಪ್ಯೂಟರಿನ ಗುಂಡಿ ಒತ್ತಿದರೆ ಅದು ಉಸಿರೆತ್ತಲಿಲ್ಲ. ದೀಪ ಹತ್ತಲಿಲ್ಲ, ಫ್ಯಾನ್ ತಿರುಗಲಿಲ್ಲ.

ಊರಿನ ಒಂದು ಅಂಗಡಿಯಲ್ಲಿ ತೋರಿಸಿದೆವು. "ಪವರ್ ಸಪ್ಲೈ ಹೋಗಿದೆ. ಈ ಅಳತೆಯದು ಈಗ ಬರುವುದಿಲ್ಲ. ಗುಜರಿಗೆ ಹಾಕಿ" ಎಂದರು. ಚಿಕ್ಕಣ್ಣ ಇನ್ನೊಂದು ದಾರಿ ಹೇಳಿದರು. ಲೆಕ್ಕ ಇರುವುದು ಹಾರ್ಡ್ ಡಿಸ್ಕಿನಲ್ಲಿ. ಅದನ್ನು ಬಿಚ್ಚಿ ಮೈಸೂರಿನ ಗೆಳೆಯನ ಹತ್ತಿರ ಒಯ್ದರೆ ಬೇರೆ ಕಂಪ್ಯೂಟರಿಗೆ ಜೋಡಿಸಿ ಓದಬಹುದು. ಅದು ಸರಿಯಾದ ಮಾತೇ ಆಗಿತ್ತು. ಆದರೆ ದೊಡ್ಡಣ್ಣ, "ಅಲ್ಲಿ ಯಾರು ನೋಡಿದರು, ಏನು ತಿದ್ದಿದರು ಎಂದು ನಾಳೆ ಯಾರಾದರೂ ಕೇಳಿದರೆ?" ಎಂದರು. ಅಣ್ಣತಮ್ಮಂದಿರ ನಡುವೆ ಮಾತು ಬಿಗಿಯಾಯಿತು. ಆಗ ಅಮ್ಮಿ ಬಾಯಿ ತೆರೆದರು. "ಯಾರೂ ಅದನ್ನು ಒಬ್ಬರೇ ಒಯ್ಯಬೇಡಿ. ನಿಮ್ಮ ಅಬ್ಬಾ ಕೂತು ಬರೆದ ಜಾಗದಲ್ಲೇ, ಅದೇ ಯಂತ್ರದಲ್ಲೇ, ಎಲ್ಲರ ಮುಂದೆ ತೆರೆಯಿರಿ." ದೊಡ್ಡಣ್ಣನ ಮಗಳು ಡಿಪ್ಲೊಮಾದಲ್ಲಿ ಎಲೆಕ್ಟ್ರಾನಿಕ್ಸ್ ಓದುತ್ತಿದ್ದಳು. ಅವಳೇ ಎಲ್ಲರೆದುರು ಹಾರ್ಡ್ ಡಿಸ್ಕನ್ನು ಬಿಚ್ಚಿ ಬಟ್ಟೆಯಲ್ಲಿ ಸುತ್ತಿ ಅಜ್ಜಿಯ ಕೈಗೆ ಕೊಟ್ಟಳು. ಅಮ್ಮಿ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಉಳಿದ ಪೆಟ್ಟಿಗೆಯನ್ನು ಹೊತ್ತು ನಾನೂ ಅವಳೂ ಮಂಡ್ಯದ ರೈಲು ಹತ್ತಿದೆವು.

ಮಂಡ್ಯದಲ್ಲಿ ನಮಗೆ ಸಿಕ್ಕಿದವರು ಅರವತ್ತು ದಾಟಿದ ಒಬ್ಬ ರಿಪೇರಿಯವರು. ರೇಡಿಯೊ ಕಾಲದಿಂದ ಇದೇ ಕೆಲಸ. ಕಿರಿದಾದ ಅಂಗಡಿ, ಗೋಡೆಯ ಮೇಲೆ ದೇವರ ಪಟ, ಮೇಜಿನ ತುಂಬ ಬಿಚ್ಚಿದ ಟಿ.ವಿ.ಗಳು. ನಮ್ಮ ಕಥೆಯನ್ನೆಲ್ಲ ಕೇಳಿ, "ಟೀಚರಮ್ಮ, ಅಲ್ಲಿವರ್ಗೂ ಚೆನ್ನಾಗಿ ಓಡ್ತಿತ್ತಾ? ಪ್ಲಗ್ ಕಿತ್ತು ಎಷ್ಟು ತಿಂಗಳಾಯ್ತು?" ಎಂದಷ್ಟೇ ಕೇಳಿದರು. ಐದು ತಿಂಗಳು ಎಂದೆ. "ಹಂಗಾದ್ರೆ ನಂಗೆ ಅನುಮಾನ ಅದೆ ಕಣಮ್ಮ, ನೋಡಣ" ಎಂದು ಸ್ಕ್ರೂ ಬಿಚ್ಚತೊಡಗಿದರು.

ಅವರು ಹೇಳಿಕೊಟ್ಟದ್ದನ್ನು ಸಹೋದರಿಯರಿಗಾಗಿ ಇಲ್ಲಿ ಬರೆಯುತ್ತೇನೆ. ನಮ್ಮ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ವಿದ್ಯುತ್ ಉತ್ಪಾದನೆ ಆರಂಭವಾದದ್ದು 1902ರಲ್ಲಿ. ಅದು ಮೊದಲು ಹೋದದ್ದು ನೂರು ಕಿಲೋಮೀಟರಿಗೂ ಆಚೆ ಇದ್ದ ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗಳಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ. ದೂರ ಕಳಿಸಲು ವಿದ್ಯುತ್ತನ್ನು ಸಾವಿರಾರು ವೋಲ್ಟ್‌ಗೆ ಏರಿಸುತ್ತಾರೆ, ಮನೆಗೆ ಬರುವಾಗ 230 ವೋಲ್ಟ್‌ಗೆ ಇಳಿಸುತ್ತಾರೆ. ಆದರೆ ಕಂಪ್ಯೂಟರಿನ ಒಳಗಿನ ಭಾಗಗಳಿಗೆ ಬೇಕಾದದ್ದು ಕೇವಲ 12, 5 ಮತ್ತು 3.3 ವೋಲ್ಟ್. ಈ ಕೊನೆಯ ಇಳಿಸುವಿಕೆಯನ್ನು ಮಾಡುವುದೇ ಪೆಟ್ಟಿಗೆಯ ಮೂಲೆಯಲ್ಲಿರುವ ಪವರ್ ಸಪ್ಲೈ. ಅದು ಮೊದಲು ಮನೆಯ ವಿದ್ಯುತ್ತನ್ನು ಸುಮಾರು 325 ವೋಲ್ಟಿನ ನೇರ ವಿದ್ಯುತ್ತಾಗಿ ಮಾಡುತ್ತದೆ. ಅದನ್ನು ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸಿ ಸಣ್ಣ ಟ್ರಾನ್ಸ್‌ಫಾರ್ಮರಿನ ಮೂಲಕ ಕೆಳಗಿಳಿಸುತ್ತದೆ. ಕತ್ತರಿಸಿದ ವಿದ್ಯುತ್ ಏರಿಳಿತವಿಲ್ಲದೆ ಸಮನಾಗಿ ಹರಿಯಲು ಕೆಪಾಸಿಟರ್‌ಗಳು ಬೇಕು. ಅವು ಮನೆಯ ಮೇಲಿನ ನೀರಿನ ತೊಟ್ಟಿಯಂತೆ. ನಲ್ಲಿಯಲ್ಲಿ ನೀರು ಬಿಟ್ಟು ಬಿಟ್ಟು ಬಂದರೂ ತೊಟ್ಟಿ ಇದ್ದರೆ ಅಡುಗೆಮನೆಗೆ ಒಂದೇ ಸಮನೆ ಬರುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಪ್ಲಗ್ ತೆಗೆದ ಮೇಲೂ ಒಳಗಿನ ದೊಡ್ಡ ಕೆಪಾಸಿಟರ್‌ಗಳಲ್ಲಿ ಪ್ರಾಣಾಪಾಯವಾಗುವಷ್ಟು ವಿದ್ಯುತ್ ಉಳಿದಿರಬಹುದು. ರಿಪೇರಿಯವರು ಮೊದಲು ಅದನ್ನು ಒಂದು ರೆಸಿಸ್ಟರಿನ ಮೂಲಕ ಖಾಲಿ ಮಾಡಿ, ಮೀಟರಿನಲ್ಲಿ ಸೊನ್ನೆ ತೋರಿಸಿದ ಮೇಲಷ್ಟೇ ಹುಡುಗಿಗೆ ಕೈಯಿಡಲು ಬಿಟ್ಟರು. ತಿಳಿದವರು ಪಕ್ಕದಲ್ಲಿಲ್ಲದೆ ಯಾರೂ ಮನೆಯಲ್ಲಿ ಈ ಡಬ್ಬಿಯನ್ನು ಬಿಚ್ಚಬಾರದು.

ಒಳಗೆ ಎರಡು ಕೆಪಾಸಿಟರ್‌ಗಳ ತಲೆ ಉಬ್ಬಿತ್ತು. 2000ದ ಆಚೀಚಿನ ವರ್ಷಗಳಲ್ಲಿ ಕೆಲವು ತಯಾರಕರು ಒಳಗೆ ಸರಿಯಲ್ಲದ ದ್ರಾವಣ ತುಂಬಿದ ಕೆಪಾಸಿಟರ್‌ಗಳನ್ನು ಮಾಡಿದ್ದರು. ಜಗತ್ತಿನಾದ್ಯಂತ ಆ ಕಾಲದ ಕಂಪ್ಯೂಟರ್‌ಗಳು ಹೀಗೆ ಉಬ್ಬಿ, ಸೋರಿ ಕೆಟ್ಟವು. "ಇದೇ ಕಾರಣವಾ ತಾತ?" ಎಂದು ಹುಡುಗಿ ಕೇಳಿದಳು. "ಕಣ್ಣಿಗೆ ಕಾಣೋದೇ ಕಳ್ಳ ಅನ್ಕೋಬೇಡ ಮಗಳೇ, ಅಳತೆ ಮಾಡು" ಎಂದು ಮೀಟರನ್ನು ಅವಳ ಕೈಗಿತ್ತರು. ಫ್ಯೂಸ್ ಸರಿಯಿತ್ತು. ನಂತರ ಒಂದು ಬಲ್ಬನ್ನು ಸೀರೀಸಿನಲ್ಲಿ ಜೋಡಿಸಿ ವಿದ್ಯುತ್ ಕೊಟ್ಟರು. ಒಳಗೆ ಶಾರ್ಟ್ ಆಗಿದ್ದರೆ ಬಲ್ಬು ಪೂರ್ತಿ ಉರಿಯುತ್ತಲೇ ಇರುತ್ತದೆ. ನಮ್ಮದು ಒಮ್ಮೆ ಮಿಂಚಿ ಮಂಕಾಯಿತು. ದೊಡ್ಡ ಭಾಗಗಳು ಸುಟ್ಟಿಲ್ಲ ಎಂದು ಅದರಿಂದ ತಿಳಿಯಿತು. ಈಗ ನೇರಳೆ ಬಣ್ಣದ ತಂತಿಯನ್ನು ಅಳೆಯಲು ಹೇಳಿದರು. ಕಂಪ್ಯೂಟರ್ ಆಫ್ ಇದ್ದರೂ ಪ್ಲಗ್ ಇರುವವರೆಗೆ ಈ ತಂತಿಯಲ್ಲಿ 5 ವೋಲ್ಟ್ ಇರಲೇಬೇಕು. ನಾವು ಗುಂಡಿ ಒತ್ತಿದ್ದನ್ನು ಯಂತ್ರಕ್ಕೆ ತಿಳಿಸುವುದೇ ಅದು. ಮೀಟರು 1 ಮತ್ತು 2ರ ನಡುವೆ ಅಲುಗಾಡುತ್ತಿತ್ತು.

ಪ್ಲಗ್ ತೆಗೆಸಿ, ಮತ್ತೆ ಖಾಲಿ ಮಾಡಿ, ಆ ಭಾಗದಲ್ಲಿದ್ದ ಕಡಲೆಬೀಜದಷ್ಟು ಸಣ್ಣ ಕೆಪಾಸಿಟರೊಂದನ್ನು ಹುಡುಗಿಯ ಕೈಯಲ್ಲೇ ಕೀಳಿಸಿದರು. ಹೊರಗಿನಿಂದ ಅದು ಹೊಸದರಂತೆ ಇತ್ತು. ಅದರ ಮೈಮೇಲೆ 47 ಎಂದು ಬರೆದಿತ್ತು, ಮೀಟರು ತೋರಿಸಿದ್ದು 6. ಒಳಗಿನ ದ್ರವ ವರ್ಷಗಳ ಕಾವಿಗೆ ಒಣಗಿಹೋಗಿತ್ತು. ಯಂತ್ರಕ್ಕೆ ವಿದ್ಯುತ್ ಸದಾ ಇದ್ದಾಗ ಅದು ಹೇಗೋ ನಡೆಸಿಕೊಂಡು ಹೋಗುತ್ತಿತ್ತು. ಐದು ತಿಂಗಳು ಪೂರ್ತಿ ತಣ್ಣಗಾದ ಮೇಲೆ ಮೊದಲಿನಿಂದ ಆರಂಭಿಸುವ ಶಕ್ತಿ ಅದಕ್ಕೆ ಉಳಿದಿರಲಿಲ್ಲ. ಹಳೆಯ ಯಂತ್ರಗಳಲ್ಲಿ ಇದು ತುಂಬ ಸಾಮಾನ್ಯವಂತೆ.

ಹೊಸ ಕೆಪಾಸಿಟರ್‌ಗಳು ಅವರ ಡ್ರಾಯರಿನಲ್ಲೇ ಇದ್ದವು. 105 ಡಿಗ್ರಿ ಕಾವು ತಡೆಯುವಂಥವನ್ನೇ ಆರಿಸಿದರು. ಮೈಮೇಲೆ ಪಟ್ಟಿ ಇರುವ ಕಡೆಯದು ಮೈನಸ್. ತಿರುಗಾಮುರುಗಾ ಹಾಕಿದರೆ ಸಿಡಿಯುತ್ತದೆ. ನನ್ನ ಅಣ್ಣನ ಮಗಳು ಹಿಜಾಬಿನ ಅಂಚನ್ನು ಹಿಂದಕ್ಕೆ ಸಿಕ್ಕಿಸಿಕೊಂಡು ಮೂರನ್ನೂ ಬೆಸುಗೆ ಹಾಕಿದಳು. ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು ನಿಂತು ನೋಡಿದರು. ಅವಳು ತಲೆ ಎತ್ತಲಿಲ್ಲ. ಮತ್ತೆ ಬಲ್ಬು, ಮತ್ತೆ ಮೀಟರು. ನೇರಳೆ ತಂತಿಯಲ್ಲಿ 5.05. ಹಸಿರು ತಂತಿಯನ್ನು ಕಪ್ಪು ತಂತಿಗೆ ತಾಗಿಸಿದೊಡನೆ ಫ್ಯಾನ್ ತಿರುಗಿತು. 12, 5, 3.3 ಮೂರೂ ಸರಿಯಾಗಿ ಬಂದವು. ಅರ್ಧ ಗಂಟೆ ಓಡಿಸಿ ನೋಡಿದ ಮೇಲೆ ಉಳಿದ ಭಾಗಗಳಿಗೆ ಜೋಡಿಸಿದರು. ಹಾರ್ಡ್ ಡಿಸ್ಕ್ ಇಲ್ಲದ ಪರದೆಯ ಮೇಲೆ ಬಿಳಿ ಅಕ್ಷರಗಳು ಮೂಡಿದವು.

ಬಿಡಿಭಾಗಗಳಿಗೆ ಐವತ್ತು ರೂಪಾಯಿಯೂ ಆಗಲಿಲ್ಲ. ಕೂಲಿ ಬೇಡವೆಂದರು, "ಕೆಲ್ಸ ಮಾಡಿದ್ದು ನಿಮ್ಮ ಹುಡ್ಗಿ" ಎಂದರು. ದುಡಿದವರ ಬೆವರು ಆರುವ ಮೊದಲು ಕೂಲಿ ಕೊಡಬೇಕೆಂಬ ಪ್ರವಾದಿ ವಚನವನ್ನು ನಾನು ಅವರಿಗೆ ಹೇಳಿದೆ. ನಕ್ಕು 300 ರೂಪಾಯಿ ತೆಗೆದುಕೊಂಡರು. ಹೊರಡುವಾಗ ಇನ್ನೊಂದು ಮಾತು ಹೇಳಿದರು: "ಡಿಸ್ಕ್ ಹಾಕಿ ತೆಗೆದಾಗ ಏನನ್ನೂ ತಿದ್ದಬೇಡಿ, ಸೇವ್ ಮಾಡಬೇಡಿ. ಮೊದ್ಲು ನಕಲು ತಗೊಳ್ಳಿ. ಕಡತದ ಮೇಲಿರೋ ತಾರೀಖೇ ನಿಮ್ಮ ಸಾಕ್ಷಿ."

ಶುಕ್ರವಾರ ಅಸರ್ ನಮಾಝಿನ ನಂತರ ಮದ್ದೂರಿನ ಮನೆಯಲ್ಲಿ ಎಲ್ಲರೂ ಸೇರಿದರು. ಅಮ್ಮಿ, ಅಣ್ಣಂದಿರು, ಅತ್ತಿಗೆಯರು, ಜಮಾಅತ್‌ನ ಒಬ್ಬ ಹಿರಿಯರು ಮತ್ತು ಆ ಮೂವರು ಹೆಂಗಸರು. ಅಮ್ಮಿ ಬೀರು ತೆರೆದು ಡಿಸ್ಕ್ ಕೊಟ್ಟರು. ಯಂತ್ರದ ಗಡಿಯಾರದ ಪುಟ್ಟ ಬ್ಯಾಟರಿ ಮುಗಿದಿತ್ತು. ಹೊಸದು ಹಾಕಿ ತಾರೀಖು ಸರಿಪಡಿಸಿದ ಮೇಲೆ ಯಂತ್ರ ತೆರೆದುಕೊಂಡಿತು. ಪರದೆಯ ಮೇಲೆ 'ಅಮಾನತ್ತು' ಎಂಬ ಹೆಸರಿನ ಕಡತವೊಂದಿತ್ತು. ಕೊನೆಯ ಬಾರಿ ಬದಲಾದದ್ದು 2022ರ ಮೇ ತಿಂಗಳಲ್ಲಿ, ಅಬ್ಬಾ ಆಸ್ಪತ್ರೆಗೆ ಸೇರುವ ಮೊದಲು. ಮೊದಲು ಪೆನ್ ಡ್ರೈವಿಗೆ ನಕಲು ಮಾಡಿ ಹಿರಿಯರ ಕೈಗೆ ಕೊಟ್ಟೆವು. ನಂತರ ತೆರೆದೆವು.

ಇಪ್ಪತ್ತಮೂರು ಹೆಸರುಗಳಿದ್ದವು. ಒಟ್ಟು 1,84,000 ರೂಪಾಯಿ.

15,000 ಎಂದು ಕೇಳಿದ್ದ ಹೆಂಗಸಿನ ಹೆಸರಿನ ಮುಂದೆ 21,500 ಇತ್ತು. ಅವರಿಗೇ ಲೆಕ್ಕ ತಪ್ಪಿತ್ತು. 12,000 ಕೇಳಿದವರ ಹೆಸರಿನಲ್ಲಿ 9,000 ಇತ್ತು. ಪಕ್ಕದಲ್ಲಿ, ಮಗನ ಆಸ್ಪತ್ರೆ ಖರ್ಚಿಗೆ 3,000 ಹಿಂದಕ್ಕೆ ಪಡೆದದ್ದು ತಾರೀಖಿನ ಸಮೇತ ಬರೆದಿತ್ತು. ಓದಿ ಹೇಳಿದಾಗ ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಹೌದು ಆಪಾ, ಹೌದು, ತಗೊಂಡಿದ್ದೆ" ಎಂದರು. ಮೂರನೆಯವರ 6,000 ಸರಿಯಾಗಿತ್ತು. ಉಳಿದ ಇಪ್ಪತ್ತು ಮಂದಿ ಕೇಳಲು ಬಂದೇ ಇರಲಿಲ್ಲ. ಕೇಳಿದರೆ ಯಾರು ನಂಬುತ್ತಾರೆಂದು ಸುಮ್ಮನಿದ್ದರಂತೆ. ಅವರಲ್ಲಿ ಒಬ್ಬರು 2021ರ ಕೊರೋನಾದಲ್ಲಿ ತೀರಿಕೊಂಡಿದ್ದರು. ಅವರ 7,500 ರೂಪಾಯಿ ಅವರ ವಾರಸುದಾರರದು.

ಮೃತರ ಸಾಲ ಮತ್ತು ವಸಿಯ್ಯತ್ ಸಂದಾಯವಾದ ಮೇಲೆಯೇ ಹಂಚಿಕೆ ಎಂದು ಅನ್ನಿಸಾ ಅಧ್ಯಾಯದ 11 ಮತ್ತು 12ನೇ ಸೂಕ್ತಗಳಲ್ಲಿದೆ. ಅಮಾನತ್ತಂತೂ ಮೃತರ ಆಸ್ತಿಯೇ ಅಲ್ಲ. 3,20,000ವನ್ನು ಹಂಚಿದ್ದರೆ ಅಮ್ಮಿಗೆ ಎಂಟನೇ ಒಂದರಂತೆ 40,000, ಅಣ್ಣಂದಿರಿಗೆ ತಲಾ 1,12,000, ನನಗೆ 56,000 ಬರುತ್ತಿತ್ತು. ಈಗ ಉಳಿದದ್ದು 1,36,000. ಅದರಲ್ಲಿ ಅಮ್ಮಿಗೆ 17,000, ಅಣ್ಣಂದಿರಿಗೆ ತಲಾ 47,600, ನನಗೆ 23,800. ದೊಡ್ಡಣ್ಣನಿಗೆ ಮನೆಯ ತಾರಸಿ ರಿಪೇರಿಯ ಸಾಲವಿತ್ತು. ಅವರು ಬಹಳ ಹೊತ್ತು ಪರದೆಯನ್ನೇ ನೋಡುತ್ತ ಕೂತರು. ಆಮೇಲೆ, "ಅಬ್ಬಾ ಸಾಲದಲ್ಲಿ ಹೋಗಲಿಲ್ಲ, ಅಲ್‌ಹಮ್ದುಲಿಲ್ಲಾಹ್" ಎಂದು ಎದ್ದರು. ಮುಂದಿನ ಎರಡು ವಾರ ಪಟ್ಟಿ ಹಿಡಿದು ಮನೆ ಮನೆಗೆ ಹೋಗಿ ಹಣ ಮುಟ್ಟಿಸಿದವರು ಅವರೇ. ರಾಮನಗರಕ್ಕೆ ಹೋಗಿ ನೆಲೆಸಿದ್ದ ಒಬ್ಬರ ವಿಳಾಸವನ್ನೂ ಹುಡುಕಿ ಹೋದರು. ಪ್ರತಿಯೊಬ್ಬರಿಂದ ಇಬ್ಬರು ಸಾಕ್ಷಿಗಳ ಮುಂದೆ ಹೆಬ್ಬೆಟ್ಟು ಅಥವಾ ಸಹಿ ಪಡೆದರು.

ಈ ಘಟನೆಯಿಂದ ಸಹೋದರಿಯರಿಗೆ ಉಪಯೋಗವಾಗಬಹುದಾದ ಕೆಲವು ಮಾತುಗಳಿವೆ. ಮೊದಲನೆಯದು, ಯಾರದೇ ಹಣ ನಿಮ್ಮ ಬಳಿ ಇದ್ದರೆ ಅದನ್ನು ಕಂಪ್ಯೂಟರಿನಲ್ಲಿ ಇಲ್ಲವೇ ಮೊಬೈಲಿನಲ್ಲಿ ಮಾತ್ರ ಬರೆದಿಡಬೇಡಿ. ಕಾಗದದಲ್ಲಿಯೂ ಒಂದು ಪ್ರತಿ ಇರಲಿ, ಅದು ಎಲ್ಲಿದೆ ಎಂದು ಮನೆಯ ಇನ್ನೊಬ್ಬರಿಗೆ ತಿಳಿದಿರಲಿ. ಎರಡನೆಯದು, ಹಣ ಇಟ್ಟವರು ಚೀಟಿಯನ್ನು ಹರಿಯಬೇಡಿ. ಮನೆಯಲ್ಲಿಡಲು ಆಗದಿದ್ದರೆ ತಾಯಿಯ ಮನೆಯಲ್ಲಾದರೂ ಇಡಿ. ಮೂರನೆಯದು, ಹಳೆಯ ನುಡಿಯಲ್ಲಿ ಬರೆದ ಕಡತಗಳು ಮನೆಯಲ್ಲಿದ್ದರೆ ಯಂತ್ರ ಓಡುತ್ತಿರುವಾಗಲೇ ಯುನಿಕೋಡಿಗೆ ಬದಲಾಯಿಸಿಡಿ. ಆ ಅಕ್ಷರ ವಿನ್ಯಾಸ ಇಲ್ಲದ ಕಂಪ್ಯೂಟರಿನಲ್ಲಿ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಮತ್ತು ಚಿಹ್ನೆಗಳು ಕಾಣುತ್ತವೆ. ನಾಲ್ಕನೆಯದು, ಯಾವ ಯಂತ್ರವನ್ನೂ ಗುಜರಿಗೆ ಹಾಕುವ ಮೊದಲು ಅದರೊಳಗೆ ಯಾರ ಹಕ್ಕು ಉಳಿದಿದೆ ಎಂದು ನೋಡಿ. ಪ್ರವಾದಿವರ್ಯರು(ಸ) ತಮ್ಮ ಪಾದರಕ್ಷೆಯನ್ನು ತಾವೇ ಹೊಲಿದುಕೊಳ್ಳುತ್ತಿದ್ದರೆಂದು ಹ. ಆಇಶಾ(ರ) ತಿಳಿಸಿದ್ದಾರೆ. ಸರಿಪಡಿಸಿ ಬಳಸುವುದು ಬಡತನದ ಗುರುತಲ್ಲ.

ಇನ್ನೊಂದು ಮಾತು. ಆ ಹುಡುಗಿ ಡಿಪ್ಲೊಮಾಗೆ ಸೇರಿದಾಗ, ಹೆಣ್ಣುಮಗಳಿಗೆ ತಂತಿ ಬೆಸೆಯುವ ಓದು ಏಕೆ ಎಂದು ನಮ್ಮ ನೆಂಟರಲ್ಲಿ ಅನೇಕರು ಕೇಳಿದ್ದರು. ಇಪ್ಪತ್ತಮೂರು ಮನೆಗಳ ಹಕ್ಕು ಅವಳ ಆ ಓದಿನಿಂದ ಮರಳಿತು. ಹಣ ಹಂಚಿ ಮುಗಿದ ದಿನ ರಾತ್ರಿ ದೊಡ್ಡಣ್ಣ ಅವಳನ್ನು ಕರೆದು, ಒಳ್ಳೆಯ ಮೀಟರಿಗೆ ಎಷ್ಟಾಗುತ್ತದೆ ಎಂದು ವಿಚಾರಿಸಿದರು.

ಅಲ್ಲಾಹನು ನಮ್ಮ ಕೈಯಲ್ಲಿರುವ ಅಮಾನತ್ತುಗಳನ್ನು ಅವುಗಳ ಒಡೆಯರಿಗೆ ಮುಟ್ಟಿಸುವ ಸೌಭಾಗ್ಯವನ್ನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.